ಗಾಡಿ ಸ್ಲಿಪ್ ಆತು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಂಘಟಕರು ಫೋನ್ ಮಾಡಿ, ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’ ಎನ್ನುವ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಬೇಕು ಎಂದರು. ಹತ್ತು ದಿನ ಯೋಚನೆ ಮಾಡಿದೆ. ಆ ವಿಷಯ ನಿಮಗೆ ಮೊಬೈಲಿನಲ್ಲಿಯೇ ಸಿಗುತ್ತದೆ, ನನಗಿಂತ ಚೆನ್ನಾಗಿ ಹೇಳುವವರೂ ಸಿಗುತ್ತಾರೆ. ಅದಕ್ಕೆ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ವಿಷಯ ಬದಲಿಸಿದ್ದೇನೆ. ಮಳೆಯಲ್ಲಿ ರೇಸ್ ಟ್ರ್ಯಾಕಿನ ಮೇಲೆ ಒಂದು ಸ್ಪೋರ್ಟ್ಸ್ ಕಾರು ಓಡಿಸಿದ ಸಂಗತಿ ಹೇಳುತ್ತೇನೆ. ‘ಬೆಂಗಳೂರಿಗೆ ಹೋಗಿ ಹುಡುಗ ಶೋಕಿ ಕಲಿತಾನ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದಿದ್ದು ಕೇಳಿಸಿತು. ಸ್ವಲ್ಪ ತಡೆದುಕೊಳ್ಳಿ. ಕಾರು ನನ್ನದಲ್ಲ. ಮಾತು ಕೊನೆಗೆ ನಮ್ಮ ಕಾಲುವೆ ಸೇತುವೆಯ ತಿರುವಿಗೇ ಬರುತ್ತದೆ.

ಕಾರು ನನ್ನ ಆಫೀಸಿನ ಗೆಳೆಯನದು, ಪೋರ್ಷೆ ಕೇಮನ್ ಎನ್ನುವ ಜರ್ಮನ್ ಕಾರು. ಇಬ್ಬರೇ ಕೂರಬಹುದು. ಇಂಜಿನ್ನು ಮುಂದೆ ಬಾನೆಟ್ಟಿನ ಕೆಳಗಿಲ್ಲ, ಸೀಟಿನ ಬೆನ್ನ ಹಿಂದೆ ಇದೆ. ಬಾನೆಟ್ ತೆಗೆದರೆ ಒಂದೆರಡು ಚೀಲ ಇಡುವಷ್ಟು ಜಾಗ, ಅಷ್ಟೆ. 300 ಅಶ್ವಶಕ್ತಿ. ನಮ್ಮ ಊರಲ್ಲಿ ಕಬ್ಬು ಎಳೆಯುವ ಟ್ರ್ಯಾಕ್ಟರು ಸುಮಾರು 50 ಅಶ್ವಶಕ್ತಿಯದು, ಅಂದರೆ ಆರು ಟ್ರ್ಯಾಕ್ಟರಿನ ಶಕ್ತಿ. ಅಷ್ಟೂ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಕಾರನ್ನು ಜೋರಾಗಿ ಓಡಿಸುವ ಆಸೆ ಇದ್ದವರು ಹೆದ್ದಾರಿಯಲ್ಲಿ ಓಡಿಸಿ ಯಾರದೋ ಜೀವ ತೆಗೆಯಬಾರದೆಂದು ಟ್ರ್ಯಾಕ್ ಡೇ ಎನ್ನುವ ವ್ಯವಸ್ಥೆ ಇದೆ. ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದು, ಹಣ ಕಟ್ಟಿದವರಿಗೆ ಇಪ್ಪತ್ತಿಪ್ಪತ್ತು ನಿಮಿಷ ಸರದಿ ಕೊಡುತ್ತಾರೆ. ಬೆಂಗಳೂರಿನವರು ಸಾಮಾನ್ಯವಾಗಿ ಹೋಗುವುದು ತಮಿಳುನಾಡಿಗೆ. ಕೊಯಮತ್ತೂರಿನ ಹತ್ತಿರ 2003ರಲ್ಲಿ ಶುರುವಾದ ಕರಿ ಮೋಟರ್ ಸ್ಪೀಡ್‌ವೇ ಇದೆ. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಬದಿಯ ಇರುಂಗಾಟ್ಟುಕೋಟ್ಟೈಯಲ್ಲಿ ಇನ್ನೊಂದಿದೆ. ಅದಕ್ಕಿಂತ ಮೊದಲು ಮದ್ರಾಸಿನವರು ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸು ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬಂತು. ಉದ್ದ ಸುಮಾರು 3.7 ಕಿ.ಮೀ., ಹನ್ನೆರಡು ತಿರುವು. ಎರಡು ವರ್ಷದ ಹಿಂದೆ ನವೆಂಬರ್ ತಿಂಗಳಲ್ಲಿ ನಾವು ಹೋಗಿದ್ದು ಅಲ್ಲಿಗೆ. ಚೆನ್ನೈ ಕಡೆ ದೊಡ್ಡ ಮಳೆಗಾಲವೇ ಅಕ್ಟೋಬರಿನಿಂದ ಡಿಸೆಂಬರ್ ತನಕ. ಬೆಳಗಿನ ಜಾವದಿಂದಲೇ ಮಳೆ ಹಿಡಿದಿತ್ತು. ಗೆಳೆಯ ತನ್ನ ಸರದಿ ಒಂದನ್ನು ನನಗೆ ಬಿಟ್ಟುಕೊಟ್ಟ. ಹಂಗ ಕೊಡುವಾಗ ಒಂದು ಮಾತು ಹೇಳಿದ: ಟ್ರ್ಯಾಕಿನ ಮೇಲೆ ಆದ ಹಾನಿಗೆ ಸಾಮಾನ್ಯ ವಿಮೆ ದುಡ್ಡು ಕೊಡುವುದಿಲ್ಲ. ನಾನು ನಮ್ಮ ಎರಡು ಎಕರೆ ಹೊಲ ನೆನಸಿಕೊಂಡೇ ಒಳಗೆ ಕುಳಿತೆ.

ಮಕ್ಕಳೇ, ರೇಸ್ ಟ್ರ್ಯಾಕ್ ಅಂದರೆ ಹುಚ್ಚಾಪಟ್ಟೆ ಓಡಿಸುವ ಜಾಗ ಎಂದು ನಾನೂ ತಿಳಿದಿದ್ದೆ. ನಾನು ನೋಡಿದ ಮಟ್ಟಿಗೆ ಅಷ್ಟು ಶಿಸ್ತಿನ ರಸ್ತೆ ಇನ್ನೊಂದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗಬೇಕು. ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಕಾರಿನಲ್ಲಿ ನೀರಿನ ಬಾಟಲಿ ಸಹ ಇರಬಾರದು. ಉರುಳಿ ಬ್ರೇಕಿನ ಕೆಳಗೆ ಸಿಕ್ಕರೆ ಮುಗಿಯಿತು. ಟೈರು, ಬ್ರೇಕು ನೋಡಿ ಒಪ್ಪಿದ ಮೇಲೆಯೇ ಪರವಾನಗಿ. ತಿರುವಿಗೊಬ್ಬ ಮಾರ್ಷಲ್ ಬಾವುಟ ಹಿಡಿದು ಮಳೆಯಲ್ಲಿ ನಿಂತಿರುತ್ತಾನೆ. ಹಳದಿ ತೋರಿಸಿದರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು. ಕೆಂಪು ತೋರಿಸಿದರೆ ಓಟ ನಿಂತಿತು. ಹಳದಿ ಬಟ್ಟೆಯ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆ ಜಾರುತ್ತದೆ ಎಂದು. ಅಂದು ಆ ಪಟ್ಟೆ ಬಾವುಟವನ್ನು ಅವರು ಕೆಳಗಿಳಿಸಲೇ ಇಲ್ಲ. ನಮ್ಮ ಮೂಡಲಗಿ ರಸ್ತೆಗೆ ಆ ಬಾವುಟ ವರ್ಷಕ್ಕೆ ನಾಲ್ಕು ತಿಂಗಳು ಬೇಕಾಗುತ್ತದೆ, ಹಿಡಿಯುವವರು ಯಾರು?

ನನ್ನ ಬಗಲಿಗೆ ಒಬ್ಬ ತರಬೇತುದಾರರು ಕುಳಿತರು. ವಯಸ್ಸು ಅರವತ್ತರ ಹತ್ತಿರ, ಮಾತು ಕಡಿಮೆ. ಮೊದಲ ಸುತ್ತಿನಲ್ಲಿ ನಾನು ಎಲ್ಲರೂ ಹೋಗುವ ಗೆರೆಯಲ್ಲೇ ಹೋದೆ. ಟ್ರ್ಯಾಕಿನ ಮೇಲೆ ಆ ಗೆರೆ ಕಪ್ಪಗೆ ಕಾಣುತ್ತದೆ, ಸಾವಿರಾರು ಟೈರು ತಿಕ್ಕಿ ರಬ್ಬರು ಕೂತಿರುತ್ತದೆ. ಒಣಗಿದ್ದಾಗ ಅಲ್ಲಿಯೇ ಹಿಡಿತ ಹೆಚ್ಚು. ಮಳೆ ಬಿದ್ದರೆ ಅದೇ ಜಾಗ ಎಣ್ಣೆ ಹಚ್ಚಿದ ಬಂಡೆಯಾಗುತ್ತದೆ. ಅವರು ಕೈ ಮಾಡಿ, ಹೊರಗಿನಿಂದ ಹೋಗು ಎಂದರು. ಯಾರೂ ತುಳಿಯದ, ಇನ್ನೂ ಒರಟಾಗಿರುವ ಡಾಂಬರಿನ ಮೇಲೆ ಕಾರು ನಿಜವಾಗಿಯೂ ಗಟ್ಟಿಯಾಗಿ ನಿಂತಿತು. ಎರಡನೇ ಪಾಠ ಕಾಲಿನದು. ಒತ್ತುವುದಿದ್ದರೂ ಬಿಡುವುದಿದ್ದರೂ ಮೆಲ್ಲಗೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಳದಿಂದ ಮನೆಗೆ ಹೋಗುವ ನಮ್ಮ ಅವ್ವಂದಿರು ಹೇಗೆ ನಡೆಯುತ್ತಾರೆ, ಹಂಗ. ಬೇಗ ನಡೆಯುತ್ತಾರೆ, ಆದರೆ ಝಟಕಾ ಇರುವುದಿಲ್ಲ.

ಇದರ ಹಿಂದಿನ ಲೆಕ್ಕ ಹೇಳುತ್ತೇನೆ. ಹೆದರಬೇಡಿ, ಎಲ್ಲ ನಿಮ್ಮ ಪುಸ್ತಕದ್ದೇ.

ಕಾರಿನ ಒಂದು ಟೈರು ರಸ್ತೆಗೆ ಮುಟ್ಟುವ ಜಾಗ ಹೆಚ್ಚುಕಡಿಮೆ ನನ್ನ ಅಂಗೈಯಷ್ಟು. ಬೈಕಿನದು ಇನ್ನೂ ಚಿಕ್ಕದು. ತಿರುಗುವುದು, ನಿಲ್ಲುವುದು, ಓಡುವುದು ಈ ಮೂರೂ ಕೆಲಸಕ್ಕೆ ಇರುವುದು ಆ ಅಂಗೈಯಷ್ಟು ಹಿಡಿತ ಮಾತ್ರ. ಅದನ್ನು ಒಂದು ರೂಪಾಯಿ ಎಂದುಕೊಳ್ಳಿ. ತಿರುವಿನಲ್ಲಿ 80 ಪೈಸೆ ತಿರುಗಲಿಕ್ಕೆ ಖರ್ಚಾದರೆ ಬ್ರೇಕಿಗೆ ಎಷ್ಟು ಉಳಿಯುತ್ತದೆ? 20 ಅಂತೀರಿ. ಅಲ್ಲ, 60 ಉಳಿಯುತ್ತದೆ. ಯಾಕೆಂದರೆ ಒಂದು ಬಲ ಬದಿಗೆ, ಇನ್ನೊಂದು ಹಿಂದಕ್ಕೆ, ಎರಡೂ ಲಂಬ. ಪೈಥಾಗೊರಸ್ ಪ್ರಮೇಯ, 6-8-10ರ ತ್ರಿಕೋನ. ಆ 60ರ ಮೇಲೆ ಒಂದು ಪೈಸೆ ಹೆಚ್ಚು ಕೇಳಿದರೂ ಟೈರು ಕೈ ಬಿಡುತ್ತದೆ. ಬಿಟ್ಟ ಮೇಲೆ ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮಳೆ ಬಂದರೆ ರೂಪಾಯಿಯೇ ಹತ್ತು ಆಣೆಗೋ ಎಂಟಾಣೆಗೋ ಇಳಿಯುತ್ತದೆ. ಖರ್ಚು ಮಾಡುವವನು ಮಾತ್ರ ಕಿಸೆಯಲ್ಲಿ ರೂಪಾಯಿ ಇದೆ ಎಂದೇ ತಿಳಿದಿರುತ್ತಾನೆ.

ಒಂಬತ್ತನೇ ತರಗತಿಯ ಚಲನೆಯ ಪಾಠದಲ್ಲಿ v² = u² + 2as ಬರುತ್ತದೆ. ಅದನ್ನು ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ಹೋಗುವ ಗಾಡಿ ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ, ಘರ್ಷಣೆಯ ಗುಣಾಂಕ 0.8 ಎಂದು ಹಿಡಿದರೆ, ಸುಮಾರು 18 ಮೀಟರಿಗೆ ನಿಲ್ಲುತ್ತದೆ. ಒದ್ದೆ ರಸ್ತೆಗೆ 0.5 ಹಿಡಿದರೆ 28 ಮೀಟರ್. ಎರೆ ಮಣ್ಣಿನ ರಾಡಿ ಬಿದ್ದ ಡಾಂಬರಿಗೆ 0.2 ಹಿಡಿಯಿರಿ, 70 ಮೀಟರ್ ದಾಟುತ್ತದೆ. ನಮ್ಮ ಶಾಲೆಯ ಕಬಡ್ಡಿ ಅಂಕಣ 13 ಮೀಟರ್ ಉದ್ದ. ಐದು ಅಂಕಣ ದಾಟಿ ಹೋಗಿ ನಿಲ್ಲುತ್ತೀರಿ. ಮುಂದೆ ಏನೋ ಇದೆ ಎಂದು ಕಣ್ಣು ಕಂಡು, ಕೈ ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡ್ ಕಳೆದರೆ ಇನ್ನೂ 17 ಮೀಟರ್ ಸೇರುತ್ತದೆ.

ಇನ್ನೊಂದು, ನಿಂತ ನೀರು. ಟೈರಿನ ಗೆರೆಗಳು ಇರುವುದು ಚಂದಕ್ಕಲ್ಲ, ನೀರನ್ನು ಬದಿಗೆ ತಳ್ಳಲಿಕ್ಕೆ. ತಳ್ಳುವುದಕ್ಕೆ ಆಗದಷ್ಟು ನೀರು ಬಂದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು 16.65ರಿಂದ ಗುಣಿಸಿದರೆ ತೇಲುವ ವೇಗ ಸಿಗುತ್ತದೆ. ಗಾಳಿ 36 ಪಾಯಿಂಟ್ ಇದ್ದರೆ ಗಂಟೆಗೆ 100 ಕಿ.ಮೀ.; 25 ಇದ್ದರೆ 83ಕ್ಕೇ ತೇಲುತ್ತದೆ. ಮಳೆಯಲ್ಲಿ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಎಂದು ನಮ್ಮಲ್ಲಿ ಹೇಳುವ ಮಾತು ರಾಡಿಯ ಹೊಲದಲ್ಲಿ ಟ್ರ್ಯಾಕ್ಟರಿಗೆ ಸರಿ, ಹೆದ್ದಾರಿಯಲ್ಲಿ ಕಾರಿಗೆ ತಪ್ಪು.

ಈಗ ಟ್ರ್ಯಾಕಿಗೆ ಬರೋಣ. ಏಳೆಂಟು ಸುತ್ತು ಚೆನ್ನಾಗಿಯೇ ಹೋದವು. ಧೈರ್ಯ ಬಂತು. ಧೈರ್ಯ ಬಂದದ್ದೇ ತರಬೇತುದಾರರಿಗೆ ಗೊತ್ತಾಯಿತು, ಅವರು ಬಾಗಿಲ ಹಿಡಿಕೆ ಹಿಡಿದರು. ಒಂದು ಬಲ ತಿರುವು. ಮೀಟರು 80ರ ಹತ್ತಿರ. ಅರ್ಧ ತಿರುವಿನಲ್ಲಿದ್ದಾಗ ಮುಂದೆ ಹಿಂದಿನ ಸುತ್ತಿನಲ್ಲಿ ಇಲ್ಲದ ನೀರು ಹೊಳೆಯಿತು. ಅಷ್ಟೇ ನೋಡಿದ್ದು. ಕಾರಿನ ಹಿಂಭಾಗ ಸದ್ದಿಲ್ಲದೆ ನನ್ನ ಎಡಗಡೆಗೆ ಬಂತು. ಆಮೇಲೆ ಗಾಜಿನಲ್ಲಿ ಹುಲ್ಲು, ಗೋಡೆ, ಮತ್ತೆ ಟ್ರ್ಯಾಕು. ‘ಬ್ರೇಕ್’ ಎಂದು ಅವರು ಒಮ್ಮೆ ಕೂಗಿದರು, ಪೂರ್ತಿ ಒತ್ತಿ ಹಿಡಿದೆ. ಕಾರು ಬಂದ ದಾರಿಗೆ ಮುಖ ಮಾಡಿ ಹುಲ್ಲಿನ ಮೇಲೆ ನಿಂತಿತು. ಎಲ್ಲಿಯೂ ಗೀರು ಬಿದ್ದಿರಲಿಲ್ಲ. ಮಾರ್ಷಲ್ ಹಳದಿ ಬಾವುಟ ಬೀಸುತ್ತಿದ್ದ. ಛಾವಣಿಯ ಮೇಲೆ ಮಳೆಯ ಸಪ್ಪಳ ಬಿಟ್ಟರೆ ಏನೂ ಇಲ್ಲ.

ನಾನು ಇಂಗ್ಲಿಷಿನಲ್ಲಿ, ಕಾರು ಸ್ಲಿಪ್ ಆಯಿತು ಎಂದೆ.

ಅವರು ಸಿಟ್ಟಾಗಲಿಲ್ಲ. ನಿನ್ನ ಬಲಗಾಲು ಏನು ಮಾಡಿತು, ಎಂದು ಕೇಳಿದರು. ಏನೂ ಮಾಡಲಿಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಶೆಡ್ಡಿಗೆ ಬಂದ ಮೇಲೆ ಅವರು ತಮ್ಮ ಚಿಕ್ಕ ಕ್ಯಾಮೆರಾ ತೆಗೆದರು. ಅದನ್ನು ಅವರು ಚಾಲಕನ ಪಾದದ ಹತ್ತಿರ ಕಟ್ಟಿರುತ್ತಾರಂತೆ. ವಿಡಿಯೋದಲ್ಲಿ ನನ್ನ ಕಾಲು ಬಿಸಿ ತವಾ ಮುಟ್ಟಿದವರ ಹಾಗೆ ಆಕ್ಸಿಲರೇಟರಿನಿಂದ ಛಂಗನೆ ಹಾರಿ ಬ್ರೇಕಿನ ಮೇಲೆ ಬಿದ್ದಿತ್ತು. ತಿರುವಿನ ನಡುವೆ ಕಾಲು ಥಟ್ಟನೆ ಎತ್ತಿದರೆ ಭಾರ ಮುಂದಿನ ಗಾಲಿಗೆ ಜಾರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಇಂಜಿನ್ನಿನ ಭಾರ ಹಿಂದೆ ಇರುವ ಕಾರಿನಲ್ಲಿ ಹಗುರಾದ ಆ ಗಾಲಿಗಳನ್ನು ಆ ಭಾರವೇ ಹೊರಗೆ ನೂಕುತ್ತದೆ. ಅದರ ಮೇಲೆ ನಾನು ಬ್ರೇಕನ್ನೂ ಕೇಳಿದ್ದೆ. ಎಂಟಾಣೆ ಕಿಸೆಯಲ್ಲಿಟ್ಟುಕೊಂಡು ಒಂದೂವರೆ ರೂಪಾಯಿ ಖರ್ಚು.

ನನ್ನ ಕೆಲಸದಲ್ಲಿ ಇದು ದಿನಾ ನಡೆಯುವುದೇ. ಕಂಪ್ಯೂಟರ್ ಕೆಟ್ಟಾಗ ಬಳಸುವವರು ‘ನಾನೇನೂ ಮಾಡಿಲ್ಲ, ತಾನೇ ನಿಂತಿತು’ ಎನ್ನುತ್ತಾರೆ. ನಾವು ಲಾಗ್ ತೆಗೆದು ನೋಡುತ್ತೇವೆ, ಯಾವ ಗಳಿಗೆಯಲ್ಲಿ ಯಾವ ಗುಂಡಿ ಒತ್ತಿದರು ಎಂದು ಬರೆದಿರುತ್ತದೆ. ಹತ್ತು ವರ್ಷ ಬೇರೆಯವರ ಲಾಗ್ ಓದಿದವನಿಗೆ ಅಂದು ತನ್ನದೇ ಲಾಗ್ ಕಂಡಿತು. ಮತ್ತು ಅದರ ಹಿಂದೆಯೇ, ನಾನು ಯಾವತ್ತೂ ತೆಗೆದು ನೋಡದ ಇನ್ನೊಂದು ಲಾಗ್ ಇದೆ ಎಂದು ನೆನಪಾಯಿತು.

2006ರ ನವೆಂಬರ್. ನಾನು, ನನ್ನ ಗೆಳೆಯ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಯಲ್ಲಿದ್ದೆವು. ಅವನ ಹೆಸರು ಹೇಳಬೇಡ ಎಂದು ಅವನೇ ಹೇಳಿದ್ದಾನೆ. ನಮ್ಮ ಬ್ಯಾಚಿನವರಿಗೆ ಗೊತ್ತಿದೆ. ಅವನು ಬೆಳಗಾವಿಯ ಮಿಲಿಟರಿ ಭರ್ತಿಗೆ ತಯಾರಿ ನಡೆಸಿದ್ದ. 1,600 ಮೀಟರ್ ಓಟಕ್ಕೆ ಇದೇ ಮೈದಾನದಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಓಡುತ್ತಿದ್ದ, ನಾನು ಗೇಟಿನ ಕಟ್ಟೆಯ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದೆ. ಆ ದಿನ ಗೋಕಾಕಕ್ಕೆ ಹೋಗಿ ಅವನಿಗೆ ಬೂಟು ತಂದೆವು. ಗಾಡಿ ನಮ್ಮ ಅಪ್ಪನದು. ನಡೆಸಿದವನು ನಾನು, ಹದಿನೇಳು ವರ್ಷ, ಲೈಸೆನ್ಸ್ ಇರಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಹೊಲದಿಂದ ರಸ್ತೆಗೆ ಏರುವ ಟ್ರ್ಯಾಕ್ಟರಿನ ಗಾಲಿಗೆ ಹತ್ತಿದ ಎರೆ ಮಣ್ಣು ಡಾಂಬರಿನ ಮೇಲೆ ಉದುರಿ ಕೂತಿತ್ತು. ಸಂಜೆ ಹಿಂಗಾರಿ ಮಳೆಯ ನಾಲ್ಕು ಹನಿ ಬಿದ್ದವು. ಹೆಚ್ಚು ಬಿದ್ದಿದ್ದರೆ ತೊಳೆದುಹೋಗುತ್ತಿತ್ತು, ನಾಲ್ಕೇ ಹನಿ ಬಿದ್ದಿದ್ದಕ್ಕೆ ಅದು ಬೆಣ್ಣೆಯಾಯಿತು. ಕಾಲುವೆ ಸೇತುವೆಯ ತಿರುವಿನಲ್ಲಿ ಮುಂದೆ ದೀಪ ಇಲ್ಲದ ಟ್ರೇಲರು ಕಂಡಿತು. ಬಿದ್ದೆವು. ನನ್ನ ಮೊಣಕೈ ತರಚಿತು. ಅವನ ಬಲಗಾಲು ಗಾಡಿಯ ಕೆಳಗೆ ಸಿಕ್ಕು ಸೇತುವೆಯ ಕಲ್ಲಿಗೆ ಬಡಿಯಿತು. ಮೊಣಕಾಲ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ರಾಡ್ ಹಾಕಿದರು. ಭರ್ತಿ ಮುಗಿದ ಮಾತಾಯಿತು.

‘ಗಾಡಿ ಸ್ಲಿಪ್ ಆತು’ ಎಂದು ಎಲ್ಲರಿಗೂ ಹೇಳಿದೆವು. ಅಪ್ಪನಿಗೆ, ಅವನ ಅವ್ವನಿಗೆ, ದವಾಖಾನೆಯಲ್ಲಿ, ಊರಲ್ಲಿ. ಮಳೆಯನ್ನು ಬೈದರು, ಟ್ರ್ಯಾಕ್ಟರಿನವರನ್ನು ಬೈದರು, ರಸ್ತೆ ಮಾಡಿದವರನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ನಮ್ಮ ಕನ್ನಡದ ಗುರುಗಳು ವೇದಿಕೆಯ ಮೇಲೆ ಇದ್ದಾರೆ. ಸರ್, ನೀವು ವಾಕ್ಯ ಬರೆದು ಕರ್ತೃ ಯಾರು ಎಂದು ಕೇಳುತ್ತಿದ್ದಿರಿ. ಈ ವಾಕ್ಯದ ಕರ್ತೃ ಗಾಡಿ. ಹದಿನಾರು ವರ್ಷ ನಾನು ಆ ವಾಕ್ಯದ ಹಿಂದೆ ಕುಳಿತಿದ್ದೆ.

ಚೆನ್ನೈಯ ಆ ತಗಡಿನ ಶೆಡ್ಡಿನಲ್ಲಿ ನನ್ನ ಬಲಗೈ ಏನು ಮಾಡಿತ್ತು ಎಂದು ನೆನೆಸಿಕೊಂಡೆ. ಗಾಡಿ ವಾಲಿಸಿದ್ದೆ, ತಿರುವಿನಲ್ಲಿದ್ದೆ, ಆಗ ಮುಂದಿನ ಬ್ರೇಕನ್ನು ನಾಲ್ಕೂ ಬೆರಳಿನಿಂದ ಹಿಂಡಿದ್ದೆ. ಮುಂದಿನ ಗಾಲಿ ಲಾಕ್ ಆಗಿ ಮಡಚಿಕೊಂಡಿತು. ಈಗ 2019ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ, ಗಾಲಿ ಲಾಕ್ ಆಗುವುದನ್ನು ಅದು ತಪ್ಪಿಸುತ್ತದೆ. ಆದರೆ ಎಂಟಾಣೆಯನ್ನು ಅದು ರೂಪಾಯಿ ಮಾಡುವುದಿಲ್ಲ. ತಿರುವಿಗೆ ಮೊದಲೇ, ಗಾಡಿ ನೇರ ಇದ್ದಾಗಲೇ ವೇಗ ಇಳಿಸಿದ್ದರೆ ಟ್ರೇಲರಿನ ಹಿಂದೆ ಆರಾಮಾಗಿ ನಿಲ್ಲುತ್ತಿದ್ದೆವು.

ಇದು ನಮ್ಮ ಮನೆಯಲ್ಲೇ ಇದ್ದ ವಿದ್ಯೆ. ನಮ್ಮ ಕಾಕಾ ಹುಕ್ಕೇರಿ ಕಡೆಯ ಹೊಲಗಳಿಂದ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಹೊಡೆಯುತ್ತಿದ್ದ. ‘ಇಳಿಜಾರಿನ ತುದಿಗೇ ಗೇರ್ ಸಣ್ಣದ ಮಾಡಬೇಕು. ನಡುವ ಬ್ರೇಕ್ ಹಿಡದ್ರ ಟ್ರೇಲರ್ ನಿನ್ನ ಮುಂದ ಹೋಗಿ ನಿಂದರತಾವ’ ಎನ್ನುತ್ತಿದ್ದ. ಏಳನೇ ತರಗತಿಯಲ್ಲಿ ಮಡ್‌ಗಾರ್ಡಿನ ಮೇಲೆ ಕುಳಿತು ಕೇಳಿದ ಮಾತು. ನಾನು ಅದನ್ನು ಟ್ರ್ಯಾಕ್ಟರಿನ ಮಾತು ಎಂದು ತಿಳಿದು ಅಲ್ಲಿಯೇ ಬಿಟ್ಟಿದ್ದೆ.

ಶೆಡ್ಡಿನಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. ಅವನದೀಗ ಟೈರ್ ಅಂಗಡಿ; ಮಧ್ಯಾಹ್ನದ ಹೊತ್ತು, ಹಿಂದೆ ಕಂಪ್ರೆಸರಿನ ಸದ್ದು. ‘ಅವತ್ತ ಗಾಡಿ ಸ್ಲಿಪ್ ಆಗಿರಲಿಲ್ಲ. ನಾ ಬ್ರೇಕ್ ಹಿಂಡಿದ್ನಿ’ ಎಂದೆ. ಕಂಪ್ರೆಸರ್ ಬಂದ್ ಮಾಡಿದ. ಆಮೇಲೆ ಹೇಳಿದ, ‘ನನಗ ಗೊತ್ತಿತ್ತಲೇ. ನಿನ್ನ ಹಿಂದ ಕುಂತಿದ್ನಿ. ನಿನ್ನ ಕೈ ಕಾಣಸತಿತ್ತು.’

ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಹೇಳಿದ್ರ ನಿಮ್ಮಪ್ಪ ನಿನಗ ಗಾಡಿ ಕೊಡತಿರಲಿಲ್ಲ. ನಾ ಬೆಳಗಾವಿ ದವಾಖಾನಿಗಿ ಯಾರ ಜೋಡಿ ಹೋಗಬೇಕಿತ್ತು?’

ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಅವನು, ‘ಆ ಕಾರಿನ ಟೈರ್ ಎಷ್ಟ ಸವದಾವ ನೋಡಿ ಹೇಳ’ ಎಂದ. ನೋಡಿ ಹೇಳಿದೆ. ಹಿಂದಿನವು ಸಾಕಷ್ಟು ಸವೆದಿದ್ದವು. ‘ಹಂಗಾರ ಇವತ್ತ ಸಾಕ ಮಾಡ’ ಎಂದ. ಉಳಿದ ಸರದಿಗೆ ನಾನು ಹೋಗಲಿಲ್ಲ, ಗೆಳೆಯನೂ ಹೋಗಲಿಲ್ಲ. ಸಂಜೆಯ ಮಳೆಯಲ್ಲಿ ಮೆಲ್ಲಗೆ ಬೆಂಗಳೂರಿಗೆ ಬಂದೆವು.

ಅವನ ಅವ್ವನಿಗೆ ಈ ಮಾತನ್ನು ಹೋದ ದೀಪಾವಳಿಗೆ ಹೇಳಿದೆ. ಅವರು ಏನು ಅಂದರು ಎನ್ನುವುದು ನಮ್ಮಿಬ್ಬರಲ್ಲೇ ಇರಲಿ.

ನನ್ನ ಹದಿನೈದು ನಿಮಿಷ ಮುಗಿಯಿತು, ಮುಖ್ಯೋಪಾಧ್ಯಾಯರು ಗಡಿಯಾರ ನೋಡುತ್ತಿದ್ದಾರೆ. ಒಂದು ಸೂಚನೆ ಇದೆ. ಇವತ್ತು ಬೆಳಿಗ್ಗೆ ನಾನು, ಗೆಳೆಯ ಬೇಗ ಬಂದು ಗೇಟಿನ ಹತ್ತಿರ ನಿಂತಿದ್ದ ಗಾಡಿಗಳ ಟೈರು ನೋಡಿದೆವು. ಬೈಕು 43, ಕಾರು 9. ಕಾರಿನವರು ಟೈರಿನ ಗೆರೆಯ ತಳದಲ್ಲಿ ನೋಡಿ, 1.6 ಮಿಲಿಮೀಟರ್ ಎತ್ತರದ ಚಿಕ್ಕ ದಿಬ್ಬ ಇರುತ್ತದೆ. ಟೈರು ಸವೆದು ಆ ದಿಬ್ಬದ ಸಮಕ್ಕೆ ಬಂದಿದ್ದರೆ ಅದರ ಆಯುಷ್ಯ ತೀರಿತು. ಎರಡು ಕಾರು ಹಾಗಿವೆ. ಬೈಕುಗಳಲ್ಲಿ ಹನ್ನೊಂದರ ಟೈರು ಬೋಳಾಗಿವೆ, ಅದರಲ್ಲಿ ಒಂದು ನನ್ನ ತಮ್ಮನದು. ಅವೆಲ್ಲಕ್ಕೂ ಗೆಳೆಯ ಚಾಕ್‌ಪೀಸಿನಿಂದ ಅಡ್ಡ ಗೆರೆ ಎಳೆದಿದ್ದಾನೆ. ಚಾಕ್‌ಪೀಸ್ ಒಂಬತ್ತನೇ ತರಗತಿಯಿಂದ ಕೇಳದೆ ತಂದಿದ್ದು, ಕ್ಷಮೆ ಇರಲಿ. ಊಟ ಮಾಡಿ ಹೊರಡುವಾಗ ನಿಮ್ಮ ನಿಮ್ಮ ಗಾಡಿ ನೋಡಿಕೊಳ್ಳಿ. ಮೋಡ ಮತ್ತೆ ಕಟ್ಟಿದೆ.